ಹಗೇವಿನ ಮೇಲೆ ಎದ್ದ ಗೋಡೆ

ಕೂಡ್ಲಿಗಿಯಿಂದ ಹರಪನಹಳ್ಳಿಗೆ ಬಸ್ಸಿನಲ್ಲಿ ಹೋಗುವಾಗ ನನ್ನ ಪಕ್ಕ ಕೂತವರ ಪಾಡು ಯಾರಿಗೂ ಬೇಡ. ಕಿಟಕಿಯ ಆಚೆ ಕೈ ಮಾಡಿ "ಆ ಮನಿ ನಂದು, ಈ ಮನಿ ನಂದು" ಎಂದು ತೋರಿಸುತ್ತಲೇ ಇರುತ್ತೇನೆ. ಮೊನ್ನೆ ಕೊಟ್ಟೂರು ದಾಟಿದ ಮೇಲೆ ಒಬ್ಬ ಪುಣ್ಯಾತ್ಮ ತಡೆಯಲಾರದೆ ಕೇಳಿಯೇ ಬಿಟ್ಟ: "ಅಲ್ರೀ ಯಜಮಾನ್ರ, ಇಷ್ಟು ಮನಿ ಇಟ್ಕೊಂಡು ಈ ಬಸ್ಸಿನ್ಯಾಗ ಯಾಕ ತಿರಗ್ತೀರಿ?" ಅವೆಲ್ಲ ನಾನು ಕಟ್ಟಿದ ಮನೆಗಳು, ನನ್ನವಲ್ಲ ಎಂದು ಬಿಡಿಸಿ ಹೇಳಬೇಕಾಯಿತು.

ನನಗೀಗ ಎಪ್ಪತ್ತೊಂಬತ್ತು. ಕಾನಹೊಸಹಳ್ಳಿ ಕಡೆಯ ಒಕ್ಕಲುತನದ ಮನೆಯಲ್ಲಿ ಹುಟ್ಟಿ, ಜೋಳ ಸೇಂಗಾ ಅಣ್ಣಂದಿರಿಗೆ ಬಿಟ್ಟು ಗೌಂಡಿಯಾದವನು. ನಾನು ಕಟ್ಟಿದ ಮನೆಗಳಲ್ಲಿ ಬಿದ್ದದ್ದು ಒಂದೇ ಒಂದು, ಮೊದಲನೆಯದು. ಅದೂ ನನ್ನ ತಪ್ಪಲ್ಲ, ಕೆಳಗೆ ಹಗೇವು ಇತ್ತು ಎಂದು ಐವತ್ತು ವರ್ಷ ಎಲ್ಲರಿಗೂ ಹೇಳಿಕೊಂಡು ಬಂದೆ. ಅದರಲ್ಲಿ ಅರ್ಧ ಮಾತ್ರ ನಿಜ.

ಹಗೇವು ಎಂದರೆ ನೆಲದೊಳಗಿನ ಕಣಜ. ಜೋಳ ತುಂಬಿ, ಬಾಯಿಗೆ ಚಪ್ಪಡಿ ಇಟ್ಟು, ಮಣ್ಣು ಮುಚ್ಚಿದರೆ ಮೇಲೆ ಓಡಾಡುವವರಿಗೆ ಗುರುತೇ ಸಿಗುವುದಿಲ್ಲ. ನಮ್ಮ ಅಂಗಳದಲ್ಲೂ ಒಂದಿತ್ತು. ಯಾರಾದರೂ ಇಳಿಯುವ ಮೊದಲು ಅಪ್ಪ ಹಗ್ಗದಲ್ಲಿ ಕಂದೀಲು ಇಳಿಬಿಟ್ಟು ನೋಡುತ್ತಿದ್ದ. ದೀಪ ಆರಿದರೆ ಒಳಗೆ ಕೆಟ್ಟ ಗಾಳಿ ಎಂದರ್ಥ, ಆ ದಿನ ಯಾರೂ ಇಳಿಯುವ ಹಾಗಿಲ್ಲ. ಆಮೇಲೆ ಚೀಲಗಳು ಬಂದವು, ಗೋದಾಮುಗಳು ಬಂದವು. ಹಗೇವುಗಳು ಖಾಲಿಯಾಗಿ, ಎಲ್ಲಿವೆ ಎಂಬುದೂ ಮರೆತುಹೋಯಿತು.

ನನಗೆ ಕೆಲಸ ಕಲಿಸಿದವರು ಕೊಟ್ಟೂರಿನ ಒಬ್ಬ ಸಾಬರ ಮೇಸ್ತ್ರಿ. ಗಾರೆ ಹಚ್ಚುವ ಕರಣಿ ಕೈಗೆ ಕೊಡುವ ಮೊದಲೇ ಅವರು ಹೇಳಿದ್ದು ಇದನ್ನು: "ಪಾಯ ತಗಿಯೋಕಿಂತ ಮೊದ್ಲು ಆ ಮನಿ ಹಿರೇ ಹೆಣ್ಮಗಳನ್ನ ಕೇಳು, ಹಗೇವು ಎಲ್ಲೈತಿ ಅಂತ. ಗಂಡಸ್ರಿಗೆ ನೆನಪಿರಂಗಿಲ್ಲ. ಜ್ವಾಳ ತಗದು ಬೀಸಿದೋರು ಅವ್ರು."

ಮದುವೆಯಾದ ವರ್ಷವೇ ನನಗೆ ಸ್ವಂತ ಕೆಲಸ ಸಿಕ್ಕಿತು, ಮಾಗಳದ ಹತ್ತಿರದ ಒಂದು ಹಳ್ಳಿಯಲ್ಲಿ. ಮನೆಯವರು ಬೇರೆ ಊರಿನಿಂದ ಬಂದು ಹಳೆಯ ಜಾಗ ಕೊಂಡವರು. ಅವರ ಮನೆಯಲ್ಲಿ ಕೇಳಲು ಯಾರೂ ಇರಲಿಲ್ಲ, ಆದರೆ ಪಕ್ಕದ ಮನೆಯ ಕಟ್ಟೆಯ ಮೇಲೆ ಒಬ್ಬ ಮುದುಕಿ ದಿನವಿಡೀ ಕೂತಿರುತ್ತಿದ್ದಳು. ಅವಳನ್ನು ಕೇಳಬಹುದಿತ್ತು. ಸ್ವಂತ ಮೇಸ್ತ್ರಿಯಾದ ಮೇಲೆ ಮುದುಕಿಯ ಮುಂದೆ ಹೋಗಿ ನಿಲ್ಲುವುದೇ ಎಂಬ ಸೊಕ್ಕು ನನಗೆ.

ಪಾಯದೊಳಗೆ ದಮ್ಮಸು ಹಿಡಿದು ಮಣ್ಣು ಕುಟ್ಟುತ್ತಿದ್ದವಳು ನನ್ನ ಹೆಂಡತಿ. ಮೂಲೆಗೆ ಬಂದವಳು ಕೈ ನಿಲ್ಲಿಸಿದಳು. ಇನ್ನೊಮ್ಮೆ ಕುಟ್ಟಿದಳು.

"ಇಲ್ಲಿ ಸಪ್ಪಳ ಬ್ಯಾರೆ ಐತ್ರಿ. ಕೆಳಗ ಟೊಳ್ಳು ಐತಿ."

ಆಳುಗಳೆಲ್ಲ ನನ್ನ ಮುಖ ನೋಡಿದರು. "ಗೌಂಡಿ ನಾನೋ ನೀನೋ? ನಿನ್ನ ಕೆಲಸ ನೀ ನೋಡ್ಕ" ಎಂದೆ. ಅವರು ನಕ್ಕರು. ಅವಳು ದಮ್ಮಸು ಎತ್ತಿಕೊಂಡು ಮುಂದಕ್ಕೆ ಹೋದಳು.

ಗೋಡೆ ಮಾಳಿಗೆಯ ಮಟ್ಟಕ್ಕೆ ಬಂದಾಗ ಮಳೆ ಹಿಡಿಯಿತು. ಮೂರನೆಯ ದಿನ ಬೆಳಿಗ್ಗೆ ಹೋಗಿ ನೋಡಿದರೆ ಆ ಮೂಲೆ ಕುಸಿದು ಎರಡೂ ಗೋಡೆಗಳು ಮಲಗಿದ್ದವು. ಒಳಗೆ ಯಾರೂ ಇರಲಿಲ್ಲ, ಅದೊಂದೇ ಪುಣ್ಯ. ಯಜಮಾನ ಬಾಯಿಗೆ ಬಂದಂತೆ ಬೈದ. ನಾನು ಬಾಯ್ತೆರೆದ ಗುಂಡಿ ತೋರಿಸಿ, "ಹಗೇವು ಐತ್ರಿ. ಇದು ಯಾರಿಗೆ ಗೊತ್ತಾಗಬೇಕು?" ಎಂದೆ. ಗೊತ್ತಾಗಿದ್ದವಳು ತಲೆಯ ಮೇಲೆ ಬುಟ್ಟಿ ಹೊತ್ತು ನನ್ನ ಪಕ್ಕದಲ್ಲೇ ನಿಂತಿದ್ದಳು. ನೆನೆಸಿಕೊಂಡರೆ ಇವತ್ತಿಗೂ ನನಗೆ ನಾಚಿಕೆಯಾಗುತ್ತದೆ.

ಗುಂಡಿ ತುಂಬಿಸಿ ಆ ಮೂಲೆಯನ್ನು ಮತ್ತೆ ಕಟ್ಟಿಕೊಟ್ಟೆ. ಮುಂದಿನ ಕೆಲಸದಿಂದ ನಮ್ಮಿಬ್ಬರ ನಡುವೆ ಒಂದು ಪದ್ಧತಿ ತಾನಾಗಿಯೇ ಬೆಳೆಯಿತು. ಹೊಸ ಜಾಗಕ್ಕೆ ಹೋದರೆ ಅವಳು ಚಪ್ಪಲಿ ಬಿಟ್ಟು, ದಮ್ಮಸು ಹಿಡಿದು ಒಂದು ಸುತ್ತು ಬರುತ್ತಿದ್ದಳು. ಚಹಾ ಕುಡಿಯುವಾಗ ನನ್ನ ಕಿವಿಯ ಹತ್ತಿರ ಮೆಲ್ಲಗೆ, "ಬೇವಿನ ಗಿಡದ ಕಡೆ ನೋಡ್ರಿ" ಎನ್ನುತ್ತಿದ್ದಳು. ನಾನು ಎದ್ದು ಪಂಚೆ ಕೊಡವಿ, ಹಾರೆ ತೆಗೆದುಕೊಂಡು, ಬೇಕೆಂದೇ ಅಲ್ಲಿ ಇಲ್ಲಿ ಕುಟ್ಟಿ, ಕೊನೆಗೆ ಬೇವಿನ ಗಿಡದ ಹತ್ತಿರ ನಿಂತು "ಅಗೀರಿ ಇಲ್ಲಿ" ಎನ್ನುತ್ತಿದ್ದೆ. ಚಪ್ಪಡಿ ಸಿಗುತ್ತಿತ್ತು. ಜನ ಬಾಯಿ ಬಿಟ್ಟು ನೋಡುತ್ತಿದ್ದರು. ನೆಲದ ಮಾತು ಕೇಳುವ ಮೇಸ್ತ್ರಿ ಎಂದು ಹಡಗಲಿಯಿಂದ ನೀಲಗುಂದದವರೆಗೆ ನನ್ನ ಹೆಸರು ಓಡಾಡಿತು.

ಮನೆ ಒಕ್ಕಲಾಗುವ ದಿನ ಮೇಸ್ತ್ರಿಗೆ ರುಮಾಲು ಸುತ್ತುತ್ತಾರೆ, ಅವನ ಹೆಂಡತಿಗೆ ಕುಪ್ಪಸದ ಕಣ ಕೊಡುತ್ತಾರೆ. ನನ್ನ ಟ್ರಂಕು ರುಮಾಲುಗಳಿಂದ ತುಂಬಿತು. ಅವುಗಳಲ್ಲೇ ಒಂದನ್ನು ಹರಿದು ಅವಳು ನಮ್ಮ ಮೂರೂ ಮಕ್ಕಳಿಗೆ ಜೋಲಿ ಕಟ್ಟಿದಳು, ಕಟ್ಟುತ್ತಿದ್ದ ಮನೆಗಳ ತೊಲೆಗಳಿಗೇ. ಹಗರಿಬೊಮ್ಮನಹಳ್ಳಿಯಲ್ಲಿ ನಮ್ಮದೂ ಒಂದು ಮನೆ ಎದ್ದಿತು. ಹೆಣ್ಣುಮಕ್ಕಳಿಬ್ಬರೂ ಟೀಚರಾದರು, ಮಗ ಸರ್ಕಾರಿ ನೌಕರಿ ಹಿಡಿದ. ಕರಣಿ ನನ್ನ ಜೊತೆಗೇ ಮುಗಿಯಿತು ಎಂದುಕೊಂಡಿದ್ದೆ. ಅಷ್ಟರಲ್ಲಿ ಮಗನ ಮಗಳು ಎಂಜಿನಿಯರ್ ಓದಿ ತಲೆಗೆ ಹಳದಿ ಟೋಪಿ ಹಾಕಿಕೊಂಡು ಬಂದು ನನ್ನ ಮುಂದೆ ನಿಂತಳು. ಆ ದಿನ ನಾನು ಅತ್ತೆನೆಂದು ಮನೆಯವರೆಲ್ಲ ಆಡಿಕೊಳ್ಳುತ್ತಾರೆ. ಹೌದು, ಅತ್ತಿದ್ದೆ.

ಅವಳು ಸ್ವಂತವಾಗಿ ಮಾಡಹೊರಟ ಮೊದಲ ಕಟ್ಟಡ ನಮ್ಮ ಹಳ್ಳಿಯಲ್ಲಿ ನಾನು ಹುಟ್ಟಿದ ಹಳೆಯ ಮನೆಯ ಜಾಗದಲ್ಲೇ. ಅವಳ ಮೊದಲನೆಯದು! ನನ್ನ ಮೊದಲನೆಯದು ಏನಾಯಿತೆಂದು ನಾನು ಮರೆತಿರಲಿಲ್ಲ. ಅವಳ ಗೋಡೆಗೆ ಒಂದು ಕೂದಲೆಳೆಯ ಬಿರುಕೂ ಬರಕೂಡದು ಎಂಬುದೊಂದೇ ನನ್ನ ಹರಕೆ.

ಪಾಯ ತೋಡುವ ದಿನ ಜೆಸಿಬಿ ಬಂದಿತ್ತು, ಬಂಧುಬಳಗ ಸೇರಿತ್ತು. ನಾನು ಹಾರೆ ಹಿಡಿದು ಮೆರೆದೆ. ಅಂಗಳದ ಹಗೇವು ತೋರಿಸಿದೆ. ಉಳಿದ ಜಾಗದಲ್ಲೂ ಕುಟ್ಟುತ್ತಾ ಒಂದು ಸುತ್ತು ಬಂದು, "ಇನ್ನು ಎಲ್ಲಾ ಗಟ್ಟಿ ನೆಲ. ಹೊಡೀರಿ" ಎಂದು ಅಪ್ಪಣೆ ಕೊಟ್ಟೆ.

ನನ್ನ ಹೆಂಡತಿ ಬೆಳಿಗ್ಗೆಯೇ ಬರಿಗಾಲಲ್ಲಿ ಹಿಮ್ಮಡಿ ಊರುತ್ತಾ ತನ್ನ ಸುತ್ತು ಮುಗಿಸಿದ್ದಳು. ಕಲ್ಲಿನ ಮೇಲೆ ಚಹಾದ ಲೋಟ ಹಿಡಿದು ಕೂತವಳು ಎಂದಿನಂತೆ ನನ್ನತ್ತ ಬಾಗಿ ಏನೋ ಹೇಳಿದಳು. ನನಗೆ ಕೇಳಿಸಲಿಲ್ಲ. ಈಗ ನಾಲ್ಕು ವರ್ಷದಿಂದ ನನ್ನ ಕಿವಿ ಮಂದ. "ಆಂ?" ಎಂದೆ. ಮತ್ತೆ ಹೇಳಿದಳು. ಮತ್ತೆ "ಆಂ?" ಎಂದೆ. ಅವಳು ಸುತ್ತ ಕೂತ ಜನರನ್ನು ನೋಡಿ ಸುಮ್ಮನಾದಳು. ಜೋರಾಗಿ ಹೇಳಿದರೆ ನನ್ನ ಮಾನ ಹೋಗುತ್ತದೆ ಎಂದು ಅವಳಿಗೆ ಸಂಕಟ. ಆದರೆ ಮೊಮ್ಮಗಳ ಪಾಯ ನೋಡುತ್ತಾ ಚಹಾ ಕುಡಿಯಲೂ ಆಗಲಿಲ್ಲ ಅವಳಿಗೆ. ಜೆಸಿಬಿಯ ಸದ್ದು ಶುರುವಾಯಿತು.

ಮಾಗಳದ ಕಡೆಯ ಆ ಗೋಡೆಯ ಪಕ್ಕ ಬುಟ್ಟಿ ಹೊತ್ತು ನಿಂತಾಗಲೂ ಅವಳ ಮುಖ ಹೀಗೇ ಇತ್ತು. ನನಗೆ ತಡೆಯಲಾಗಲಿಲ್ಲ. ಎದ್ದು ಎರಡೂ ಕೈ ಎತ್ತಿ ಯಂತ್ರ ನಿಲ್ಲಿಸಿದೆ.

"ಜೋರಾಗಿ ಹೇಳು. ಎಲ್ರಿಗೂ ಕೇಳ್ಲಿ."

ಅವಳು ಲೋಟ ಕೆಳಗಿಟ್ಟು ಎದ್ದು ನಿಂತಳು. "ಈಸಾನ್ಯ ಮೂಲ್ಯಾಗ ಟೊಳ್ಳು ಐತಿ" ಎಂದಳು.

ಆಳೆತ್ತರ ಅಗೆಯುವಷ್ಟರಲ್ಲಿ ಚಪ್ಪಡಿ ಸಿಕ್ಕಿತು. ನಾನು ಹುಟ್ಟುವ ಮೊದಲೇ ಮುಚ್ಚಿದ್ದ, ಅಪ್ಪನೂ ಹೇಳದ ಇನ್ನೊಂದು ಹಗೇವು. ಮೂಲೆಯ ಕಂಬ ನಿಲ್ಲಬೇಕಾದ ಜಾಗದ ಕೆಳಗೇ ಬಾಯಿ ಮುಚ್ಚಿಕೊಂಡು ಕೂತಿತ್ತು. ಮೊಮ್ಮಗಳು ನಕ್ಷೆ ಮಡಚಿಟ್ಟು ಅಲ್ಲೇ ಮಣ್ಣಿನ ಮೇಲೆ ಕೂತುಬಿಟ್ಟಳು.

"ಮೇಸ್ತ್ರಿ ಮನಿತನ ನೋಡ್ರಿ, ಹೆಂಡ್ತಿಗೂ ಕಲಿಸ್ಯಾನ" ಎಂದ ಒಬ್ಬ ಬಂಧು.

"ಕಲಿಸಿದಾಕಿ ಅಕಿ" ಎಂದೆ. "ಐವತ್ತು ವರ್ಷ ನೆಲ ಕೇಳಿದ್ದು ಅಕಿ. ನಾನು ಬರೀ ಹಾರಿ ಹಿಡಕೊಂಡು ನಿಂತಾಂವ." ಮಾಗಳದ ಕಡೆಯ ಗೋಡೆಯ ಕಥೆಯನ್ನು, ಅವಳನ್ನು ನಾನು ಗದರಿಸಿದ್ದನ್ನೂ ಸೇರಿಸಿ, ಅಲ್ಲೇ ಎಲ್ಲರೆದುರು ಪೂರ್ತಿ ಹೇಳಿದೆ. ಅವಳು "ಈಗ್ಯಾಕ ಅದೆಲ್ಲಾ" ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಆದರೆ ಕಣ್ಣುಗಳು ನಗುತ್ತಿದ್ದವು. ಮಾನ ಹೋಗುತ್ತದೆ ಎಂದು ಹೆದರಿದ್ದೆ. ಏನೂ ಹೋಗಲಿಲ್ಲ. ತಲೆಯ ಮೇಲಿನ ಬುಟ್ಟಿ ಇಳಿಸಿದಷ್ಟು ಹಗುರಾಯಿತು.

ಹಗೇವು ತುಂಬಿಸಿ, ಗಟ್ಟಿ ಪಾಯ ಹಾಕಿ ಮನೆ ಎದ್ದಿತು. ಈ ವರ್ಷದ ಮಳೆಯನ್ನು ಒಂದು ಬಿರುಕೂ ಇಲ್ಲದೆ ದಾಟಿತು. ಮನೆ ಒಕ್ಕಲಾದ ದಿನ ಮೊಮ್ಮಗಳು ರುಮಾಲು ಹಿಡಿದು ಬಂದಾಗ, ರೂಢಿಯಂತೆ ನಾನು ತಲೆ ಬಾಗಿಸಿದೆ. ಅವಳು ನನ್ನನ್ನು ದಾಟಿ ಹೋಗಿ ಅದನ್ನು ಅಜ್ಜಿಯ ತಲೆಗೆ ಸುತ್ತಿದಳು. ನನಗೆ ಸಿಕ್ಕಿದ್ದು ಕುಪ್ಪಸದ ಕಣ. ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು.

ಈಗ ಮೊಮ್ಮಗಳು ಹಡಗಲಿ ತಾಲೂಕಿನಲ್ಲಿ ಹೊಸ ಕೆಲಸ ಹಿಡಿದಿದ್ದಾಳೆ, ನನ್ನ ಗೋಡೆ ಬಿದ್ದ ಊರಿಗೆ ಸಮೀಪದಲ್ಲೇ. ಹೋದ ವಾರ ಫೋನ್ ಮಾಡಿ, "ತಾತ, ನಾಳೆ ಅಜ್ಜಿನ ಕಳಸು, ಜಾಗ ನೋಡ್ಬೇಕು" ಎಂದಳು.

"ನಾನೂ ಬರ್ಲೇನು?" ಎಂದು ಕೇಳಿದೆ.

"ಬಾ. ಅಜ್ಜಿ ಚಪ್ಲಿ ಹಿಡ್ಕೊಳ್ಳಾಕ ಒಬ್ರು ಬೇಕು."

ಮರುದಿನ ಬೆಳಿಗ್ಗೆ ಆ ಬಯಲಿನಲ್ಲಿ ನನ್ನ ಹೆಂಡತಿ ಹಿಮ್ಮಡಿ ಊರುತ್ತಾ ಮುಂದೆ ಮುಂದೆ ಹೋದಳು. ನಾನು ಅವಳ ಚಪ್ಪಲಿ ಹಿಡಿದುಕೊಂಡು ಹಿಂದೆ ಹಿಂದೆ ನಡೆದೆ.