ಮೂರು ಗಂಟೆ ಹೆಚ್ಚಿಗೆ ಕೂಡಿಸಿದ ಜೂರಕಾನ್

ನಮ್ಮ ಓಶ್ ಪಟ್ಟಣದಿಂದ ಮಾಸ್ಕೋಗೆ ಸುಮಾರು ಮೂರು ಸಾವಿರ ಕಿಲೋಮೀಟರು, ವಿಮಾನದಲ್ಲಿ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ನೂಕತ್ ಕಡೆಯ ನಮ್ಮ ಹಳ್ಳಿಯಲ್ಲಿ ಇದನ್ನು ಬಾಯಿಪಾಠ ಒಪ್ಪಿಸುತ್ತಿದ್ದವಳು ಜೂರಕಾನ್. ಅವಳು ವಿಮಾನ ಹತ್ತಿದವಳಲ್ಲ. ಅವಳ ಮೂವರು ಮಕ್ಕಳು, ಅಣ್ಣನ ಮಗ ಕುಬಾತ್, ಎಲ್ಲರೂ ಮಾಸ್ಕೋದಲ್ಲಿ ಗಾರೆ ಕಲಸಿ, ಹಿಮ ಗುಡಿಸಿ ಬದುಕುವವರು. ಅವರು ಫೋನಿನಲ್ಲಿ ಯಾವ ಹೊತ್ತು ಹೇಳಿದರೂ ಇವಳು ಮೂರು ಗಂಟೆ ಕೂಡಿಸುತ್ತಾಳೆ. ಇಲ್ಲಿನ ಗಡಿಯಾರ ಅಷ್ಟು ಮುಂದೆ. ಹನ್ನೊಂದು ವರ್ಷದ ಅಭ್ಯಾಸ. ಯಾರ ಮಗ ಬರುವುದಿದ್ದರೂ ಅವನು ಅಲ್ಲಿಂದ ಹೊರಡುವ ಹೊತ್ತು ಹೇಳಿ ಹೆಂಗಸರು ಹಿಟ್ಟು ನಾದುವ ಮೊದಲು ಇವಳನ್ನು ಕೇಳುತ್ತಿದ್ದರು.

ಜನವರಿಯಲ್ಲಿ ಅವಳ ಅಣ್ಣ ಮಮಸಾಲಿ ಸತ್ತ. ಕುಬಾತ್ ಒಬ್ಬನೇ ಮಗ. ಅಪ್ಪನ ಜನಾಜಕ್ಕೆ ಹೆಗಲು ಕೊಡದ ಮಗ ನಮ್ಮಲ್ಲಿ ಸಾಯುವ ತನಕ ಮಾತು ಕೇಳಬೇಕು. "ಹನ್ನೊಂದು ನಲವತ್ತಕ್ಕೆ ಇಳೀತೀನತ್ತೆ" ಎಂದು ಅವನು ಟಿಕೆಟ್ ನೋಡಿ ಹೇಳಿದ್ದ. ಇಳಿಯುವ ಹೊತ್ತನ್ನು ಇಳಿಯುವ ಊರಿನ ಗಡಿಯಾರದಂತೆಯೇ ಬರೆದಿರುತ್ತಾರೆಂಬುದು ಅಳುತ್ತಿದ್ದವಳಿಗೆ ಹೊಳೆಯಲಿಲ್ಲ. ಮೂರು ಕೂಡಿಸಿಯೇಬಿಟ್ಟಳು.

"ಎರಡು ನಲವತ್ತಕ್ಕೆ ಇಳೀತಾನೆ. ಓಶ್‌ನಿಂದ ಇಲ್ಲಿಗೆ ಮತ್ತೊಂದು ಗಂಟೆ."

"ಆಗಲ್ಲಕ್ಕ, ಚಳಿಗಾಲದ ಹೊತ್ತು, ಬೇಗ ಮುಳುಗುತ್ತೆ," ಎಂದರು ಮುಲ್ಲಾ. "ಮಧ್ಯಾಹ್ನದ ನಮಾಜಾದ ಕೂಡ್ಲೆ ಎತ್ತೋಣ."

ಅವಳೂ ತಲೆಯಾಡಿಸಿದಳು.

ಒಂದೂಕಾಲಕ್ಕೆ ಜನಾಜ ನಮ್ಮ ಹೆಗಲೇರಿತು. ಅಂಗಳದಲ್ಲಿ ಹಾಕಿದ್ದ ಕಂಬಳಿ ಗುಡಾರದೊಳಗೆ ಹೆಂಗಸರು ಗೋಡೆಗೆ ಮುಖ ಮಾಡಿ ಗೋಳಾಡುತ್ತಿದ್ದರು. ಜೂರಕಾನ್ ಎದೆಗೆ ಸಿಕ್ಕಿಸಿಕೊಂಡಿದ್ದ ಫೋನು ಬಡಿದುಕೊಂಡಿತು.

"ಅತ್ತೆ, ಅರ್ಧ ದಾರಿ ಬಂದೆ. ಅಪ್ಪನ್ನ ಎತ್ತಬೇಡಿ!"

"ಅರ್ಧ ದಾರೀನಾ? ಆಕಾಶದಲ್ಲೇನೋ?"

"ಟ್ಯಾಕ್ಸೀಲಿ ಅತ್ತೆ, ಟ್ಯಾಕ್ಸೀಲಿ!"

ಹೆಣದ ಹಿಂದೆ ಹೆಂಗಸು ಬಾಗಿಲು ದಾಟುವುದಿಲ್ಲ. ಇವಳು ಒಂದೇ ಕಾಲಿಗೆ ಮೆಟ್ಟು ಸಿಕ್ಕಿಸಿಕೊಂಡು ದಾಟಿದಳು, ಗಂಡಸರನ್ನು ಮೊಣಕೈಯಲ್ಲಿ ತಿವಿದು ಮುಂದೆ ಹೋಗಿ, ಹೆಪ್ಪುಗಟ್ಟಿದ ಕೆಸರಿನಲ್ಲಿ ರಸ್ತೆಗೆ ಅಡ್ಡ ಕೂತಳು. ರಸ್ತೆ ತಡೆಗೆ ನೂರು ಜನ ಬೇಕೆಂದು ಇಷ್ಟು ವರ್ಷ ನಂಬಿದ್ದೆ.

"ಕುಬಾತ್ ಬರ್ತಿದಾನೆ. ಲೆಕ್ಕ ತಪ್ಪಿದ್ದು ನಾನು. ಹೋಗೋದಾದ್ರೆ ನನ್ನ ತುಳ್ಕೊಂಡು ಹೋಗಿ."

"ಏಳಕ್ಕ. ಎತ್ತಿದ ಮೇಲೆ ಇಳಿಸೋ ಹಾಗಿಲ್ಲ," ಎಂದರು ಮುಲ್ಲಾ.

"ಇಳಿಸಿ ಅಂದೋರ್ಯಾರು? ಹೊತ್ಕೊಂಡೇ ನಿಲ್ಲಿ! ಊರವರ ಮದ್ವೇಲೆಲ್ಲ ತಿಂದ ಕುರಿ ಎಲ್ಲಿ ಹೋಯ್ತು?"

ಮುಲ್ಲಾ ಸೂರ್ಯನನ್ನು ನೋಡಿದರು, ಅವಳನ್ನು ನೋಡಿದರು, ನಿಲ್ಲಿ ಎಂದು ನಮಗೆ ಕೈಸನ್ನೆ ಮಾಡಿದರು. ನಿಂತೆವು. ಇಪ್ಪತ್ತೈದು ನಿಮಿಷ. ಹೆಗಲು ಬದಲಾಯಿಸುತ್ತ, ಒಬ್ಬರ ಕಾಲು ಒಬ್ಬರು ತುಳಿಯುತ್ತ.

"ಬದುಕಿದ್ದಾಗ ಇಷ್ಟು ತೂಕ ಇರ್ಲಿಲ್ಲ ಪುಣ್ಯಾತ್ಮ" ಎಂದು ಹಿಂದಿನಿಂದ ಯಾರೋ ಗೊಣಗಿದರು.

ಜೂರಕಾನ್ ಉಗುರಿನಿಂದ ಮಂಜು ಕೆರೆಯುತ್ತಲೇ ಇದ್ದಳು, ಕಣ್ಣು ತಿರುವಿನ ಮೇಲೆ. ಒಂದು ಲಾರಿ ಬಂತು. ಒಂದು ಕತ್ತೆಗಾಡಿ ಬಂತು. ಆಮೇಲೆ ಟ್ಯಾಕ್ಸಿ. ಅದು ನಿಲ್ಲುವ ಮೊದಲೇ ಕುಬಾತ್ ಹಾರಿ, "ಅಪ್ಪಾ, ಅಪ್ಪಾ" ಎಂದು ಕೂಗುತ್ತ ಓಡಿಬಂದು ಜನಾಜದ ಮುಂದಿನ ಹಿಡಿಕೆಗೆ ಹೆಗಲು ತೂರಿಸಿದ. ಅಲ್ಲಿ ಹೊತ್ತಿದ್ದವನು ಸರಿದು ಜಾಗ ಬಿಟ್ಟ.

ಜೂರಕಾನ್ ಏಳಲು ನೋಡಿದಳು, ಕಾಲು ಮರಗಟ್ಟಿತ್ತು. ಇಬ್ಬರು ಹೆಂಗಸರು ಬಾಗಿಲು ದಾಟಿ ಬಂದು, ಕಂಕುಳಿಗೆ ಕೈಹಾಕಿ ಅವಳನ್ನು ಪಕ್ಕಕ್ಕೆ ಎಳೆದರು. ನಾವು ಹೊರಟೆವು.