ಬದುವಿನ ಮೇಲೆ ಎಳೆದ ಕೇಬಲ್

ಕೊರೊನಾ ಕಳೆದ ಮರುವರ್ಷ. ಇಂಟರ್ನೆಟ್ ಕಂಪನಿಯೊಂದರ ಶಿಕಾರಿಪುರ ಶಾಖೆಯಲ್ಲಿ ನಾನು ಫೀಲ್ಡ್ ಎಂಜಿನಿಯರ್. ನಿವೃತ್ತಿಗೆ ಎರಡು ವರ್ಷ ಬಾಕಿ ಇತ್ತು. ಹೊಸ ಸಂಪರ್ಕ ಕೇಳಿದವರ ಮನೆಗೆ ಹೋಗಿ, ಅಲ್ಲಿಗೆ ಯಾವ ಬಗೆಯ ಇಂಟರ್ನೆಟ್ ಹೊಂದುತ್ತದೆ ಎಂದು ತೀರ್ಮಾನಿಸುವುದು ನನ್ನ ಕೆಲಸ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕುಗಳನ್ನು ಬೈಕಿನಲ್ಲಿ ಸುತ್ತಿ ಸುತ್ತಿ, ಈ ವಿಷಯದಲ್ಲಿ ನನಗೆ ಹೇಳಿಕೊಡುವವರು ಯಾರೂ ಇಲ್ಲ ಎಂಬ ಜಂಬ ಬೆಳೆದಿತ್ತು.

ಮಾರ್ಚ್‌ನಲ್ಲಿ ಅಂಬ್ಲಿಗೊಳದ ನಾಲೆ ಬದಿಯ ಒಂದು ಹಳ್ಳಿಗೆ ಹೋದೆ. ಸಂಪರ್ಕ ಕೇಳಿದ್ದವರು ರತ್ನಮ್ಮ. ಕುರಿ ಸಾಕುವ ಮನೆ. ಗಂಡ ಮಂದೆಯ ಹಿಂದೆ ಊರೂರು ತಿರುಗುವುದರಿಂದ ಮನೆಯ ಎಲ್ಲ ತೀರ್ಮಾನ ಅವರದೇ. ನಾಲ್ಕು ವರ್ಷದ ಮಗಳು ಕಾವ್ಯಳಿಗೆ ಹುಟ್ಟಿನಿಂದ ಕಿವಿ ಕೇಳುತ್ತಿರಲಿಲ್ಲ. ಆಪರೇಷನ್ ಮಾಡಿ ಯಂತ್ರ ಕೂರಿಸಿದ್ದರು. ಯಂತ್ರ ಸದ್ದನ್ನು ಒಳಗೆ ತಲುಪಿಸುತ್ತದೆ, ಅಷ್ಟೆ. ಆ ಸದ್ದೇ ಮಾತು ಎಂದು ಮಗುವಿಗೆ ಕಲಿಸಬೇಕು. ಮೈಸೂರಿನ ಟೀಚರ್ ಒಬ್ಬರು ವಾರಕ್ಕೆ ನಾಲ್ಕು ದಿನ, ಬೆಳಿಗ್ಗೆ ಹತ್ತಕ್ಕೆ, ವಿಡಿಯೋದಲ್ಲಿ ಕಲಿಸುತ್ತಿದ್ದರು.

“ಫೋನಿನ ನೆಟ್‌ನಾಗೆ ಮಾತು ತುಂಡ್ ತುಂಡಾಗಿ ಬರ್ತೈತ್ರಿ ಸಾರ್. ಈ ವರ್ಷ ಕಳಕೊಂಡ್ರೆ ಮಗಿಗೆ ಮಾತು ಬರೋದು ಕಷ್ಟ ಅಂದಾರೆ ಡಾಕ್ಟ್ರು” ಎಂದರು ರತ್ನಮ್ಮ.

ಸಿಮ್ ಹಾಕುವ ವೈಫೈ ಪೆಟ್ಟಿಗೆ ಕೊಡಬಹುದಿತ್ತು. ಆದರೆ ಅದೂ ಫೋನಿನ ಟವರಿನಿಂದಲೇ ಸಿಗ್ನಲ್ ಪಡೆಯುವಂಥದ್ದು, ಮಾತು ಮತ್ತೆ ತುಂಡಾಗುತ್ತಿತ್ತು. ಛಾವಣಿಯ ಮೇಲಿನ ರೇಡಿಯೋ ಡಿಶ್‌ಗೆ ಟವರ್ ಕಣ್ಣಿಗೆ ಕಾಣಬೇಕು, ನಡುವೆ ನೀಲಗಿರಿ ತೋಪು ಅಡ್ಡವಿತ್ತು. ಉಳಿದದ್ದು ಫೈಬರ್, ಅಂದರೆ ಗಾಜಿನ ಎಳೆಯೊಳಗೆ ಬೆಳಕು ಹರಿಸುವ ಕೇಬಲ್. ನಮ್ಮ ಕೊನೆಯ ಕಂಬ ಇದ್ದದ್ದು ಟಾರ್ ರಸ್ತೆಯಲ್ಲಿ. ಗಾಡಿದಾರಿ ಹಿಡಿದರೆ ಏಳುನೂರು ಮೀಟರ್, ಹೊಸ ಕಂಬಗಳು, ಅನುಮತಿಗೆ ಎರಡು ತಿಂಗಳು. ಗದ್ದೆಯ ಬದುವಿನ ಮೇಲೆ ಹೋದರೆ ಇನ್ನೂರಿಪ್ಪತ್ತು ಮೀಟರ್, ಮೂರೇ ದಿನ.

“ಬದುವಿನ ಮ್ಯಾಲೆ ಬ್ಯಾಡ್ರೀ ಸಾರ್, ಅದು...” ಎಂದು ರತ್ನಮ್ಮ ಶುರು ಮಾಡಿದರು.

“ನಾನೂ ಸೊರಬದ ಕಡೆಯ ರೈತನ ಮಗನೇ ಕಣಮ್ಮ. ಗದ್ದೆಯವರನ್ನು ನಾನು ಒಪ್ಪಿಸ್ತೀನಿ” ಎಂದು ಮಾತು ಕತ್ತರಿಸಿದೆ. ಅಕ್ಕಪಕ್ಕದವರ ಜತೆ ತಕರಾರು ಬಂದೀತೆಂಬ ಹೆದರಿಕೆ ಎಂದುಕೊಂಡಿದ್ದೆ. ಗದ್ದೆಯವರು ಒಪ್ಪಿದರು. ಕೇಬಲನ್ನು ಪೈಪಿಗೆ ತೂರಿಸಿ ಬದುವಿನಲ್ಲಿ ಅರ್ಧ ಅಡಿ ಆಳಕ್ಕೆ ಹೂತೆವು.

ಮೂರು ತಿಂಗಳು ಒಂದು ದೂರೂ ಇಲ್ಲ. ಟೀಚರ್ ತಟ್ಟೆ ಬಡಿದರೆ ಕಾವ್ಯ ಕಣ್ಣರಳಿಸುತ್ತಾಳೆ ಎಂದು ರತ್ನಮ್ಮ ಫೋನಿನಲ್ಲಿ ಹೇಳಿದಾಗ ನಾನೇ ಪಾಠ ಕಲಿಸಿದಷ್ಟು ಬೀಗಿದ್ದೆ.

ನಾಲೆಗೆ ನೀರು ಬಿಟ್ಟ ವಾರ ಮತ್ತೆ ಅವರ ಫೋನು. “ನೆಟ್ ಹೋಗೈತ್ರಿ. ಇವತ್ತಿನ ಕ್ಲಾಸ್ ತಪ್ಪಿತು.”

ಹೋಗಿ ನೋಡಿದರೆ ಪೈಪು ಮೂರು ಕಡೆ ತುಂಡು. ಆ ಗದ್ದೆಯ ಯಜಮಾನ ಶೇಖರಪ್ಪ, ಅರವತ್ತು ದಾಟಿದವರು, ಗುದ್ದಲಿ ಹಿಡಿದು ಕೆಸರಿನಲ್ಲಿ ನಿಂತಿದ್ದರು. ಒಪ್ಪಿಗೆ ಕೊಟ್ಟವರೇ ಹೀಗೆ ಮಾಡುವುದೇ ಎಂದು ಬಾಯಿಗೆ ಬಂದಂತೆ ಕೂಗಾಡಿದೆ. ಅವರು ಸಿಟ್ಟಾಗಲಿಲ್ಲ.

“ನಾಟಿ ಮುಂದೆ ಬದು ಕೆತ್ತದೆ ಬಿಡಾಕಾಗ್ತೈತೇನ್ರೀ ಸಾಹೇಬ್ರ? ಪೈಪು ಎಲ್ಲೈತಿ ಅಂತ ಕೆಸರಾಗೆ ಹೆಂಗ್ ಗೊತ್ತಾಗಬೇಕು? ನಿಮ್ಮಪ್ಪಾರು ಕೆತ್ತತಿರ್ಲಿಲ್ಲೇನು?”

ಕೆತ್ತುತ್ತಿದ್ದರು. ನಾನೂ ಕೆತ್ತಿದ್ದೇನೆ. ನಾಟಿಗೆ ಮೊದಲು ಬದುವಿನ ಪಕ್ಕವನ್ನೆಲ್ಲ ಗುದ್ದಲಿಯಿಂದ ಸವರಿ, ಏಡಿಬಿಲ ಮುಚ್ಚುವಂತೆ ಹೊಸ ಕೆಸರು ಮೆತ್ತದಿದ್ದರೆ ಗದ್ದೆಯಲ್ಲಿ ನೀರೇ ನಿಲ್ಲುವುದಿಲ್ಲ. ರತ್ನಮ್ಮ ಅಂದು ಹೇಳಹೊರಟದ್ದು ಇದನ್ನೇ. ಬೇಸಿಗೆಯ ಒಣ ಬದು ನೋಡಿ ಅಳತೆ ಹಿಡಿದ ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಇಲ್ಲಿ ಜೋಡಿಸಿದರೂ ನಾಳೆ ಮುಂದಿನ ಗದ್ದೆಯವರು ಕೆತ್ತುತ್ತಾರೆ. ಗಾಡಿದಾರಿಯೇ ಗತಿ. ಎರಡು ತಿಂಗಳು ಮಗುವಿಗೆ ಪಾಠವಿಲ್ಲ.

ಈ ಕೇಬಲ್ ಯಾತಕ್ಕೆಂದು ಶೇಖರಪ್ಪನವರಿಗೆ ಅಲ್ಲಿಯತನಕ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಈಗ ಹೇಳಿದೆ. ಅವರು ಗುದ್ದಲಿ ಕೆಳಗಿಟ್ಟರು.

“ನಿಮ್ಮ ಕಂಬ ನಮ್ಮನಿ ಎದುರಿಗೇ ಐತಲ್ಲ. ಅಲ್ಲಿಗೆ ಎಳೀರಿ. ಆ ಕಡೆ ಕಂಬ ನೆಡೋತನಕ ಪುಟ್ಟಿ ನಮ್ಮ ಜಗಲಿ ಮ್ಯಾಲೆ ಕಲೀಲಿ.”

ಮರುದಿನ ಹತ್ತು ಗಂಟೆಯೊಳಗೆ ಅವರ ಮನೆಯಲ್ಲಿ ರೂಟರ್ ಕೂರಿಸಿದೆ. ಕೆಲಸದ ಆಳಿಗೆ ಹೇಳದೆ ನಾನೇ ಹೊತ್ತುಕೊಂಡು ಹೋಗಿದ್ದೆ.

ಎರಡು ತಿಂಗಳ ಮೇಲೆ ಗಾಡಿದಾರಿಯಲ್ಲಿ ಕಂಬಗಳೆದ್ದವು. ಸಂಪರ್ಕ ಬದಲಿಸಲು ಶೇಖರಪ್ಪನವರ ಮನೆಗೆ ಹೋದಾಗ ಅಂದಿನ ಪಾಠ ಮುಗಿದಿತ್ತು. ಕಾವ್ಯ ಜಗಲಿಯ ತುದಿಯಲ್ಲಿ ಬೆನ್ನು ಹಾಕಿ ಕೂತು ಹುಣಸೆಬೀಜ ಜೋಡಿಸುತ್ತಿದ್ದಳು. ಮಗು ತುಟಿ ನೋಡಿ ಊಹಿಸದಂತೆ ಬಾಯಿ ಮರೆಮಾಡಿಕೊಂಡು ಕರೆಯಬೇಕೆಂದು ಟೀಚರ್ ಹೇಳಿದ್ದರಂತೆ. ಮಗು ಇತ್ತ ನೋಡುತ್ತಲೇ ಇರಲಿಲ್ಲ. ಆದರೂ ಶೇಖರಪ್ಪ ಟವೆಲನ್ನು ಬಾಯಿಗೆ ಅಡ್ಡ ಹಿಡಿದರು.

“ಕಾವ್ಯಾ.”

ಮಗು ತಿರುಗಿ ನೋಡಿತು. ರತ್ನಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನನಗೂ ತಡೆಯಲಾಗದೆ ಕಂಬ ನೋಡುವ ನೆಪ ಮಾಡಿ ರಸ್ತೆಗಿಳಿದೆ.

ನಿವೃತ್ತನಾಗುವವರೆಗೂ ನನ್ನ ಪ್ರತಿ ಸರ್ವೆ ಫಾರಂನಲ್ಲಿ ವೇಗ, ದೂರ, ಕಂಬ ಎಂಬ ಕಲಮುಗಳ ಕೆಳಗೆ ಪೆನ್ನಿನಿಂದ ಒಂದು ಸಾಲು ಸೇರಿಸುತ್ತಿದ್ದೆ: ಈ ನೆಲದಲ್ಲಿ ವರ್ಷವಿಡೀ ಯಾರು, ಯಾವಾಗ, ಏನು ಮಾಡುತ್ತಾರೆ? ಇದಕ್ಕೆ ಉತ್ತರ ಮನೆಯವರೇ ಹೇಳಬೇಕು. ಅವರು ಹೇಳಿ ಮುಗಿಸುವವರೆಗೆ ನಾನು ಬಾಯಿ ತೆರೆಯುತ್ತಿರಲಿಲ್ಲ.