ಮುಚ್ಚಿದ ಮಂದಿರದಲ್ಲಿ ನನ್ನ ಧ್ವನಿ

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಂಬಿದವಳಲ್ಲ. ಹುಟ್ಟಿದ್ದು ಕ್ರೈಸ್ತ ಮನೆತನದಲ್ಲಿ, ಭಾನುವಾರ ತಪ್ಪಿಸಿದ್ದು ಕಡಿಮೆ. ಆದರೂ ಆರಾಧನೆಯ ಕೊನೆಗೆ ಯಾರಾದರೂ ಎದ್ದು ನಿಂತು, ಕಣ್ಣೊರೆಸಿಕೊಳ್ಳುತ್ತ, ದೇವರು ತಮ್ಮ ಜೊತೆ ಮಾತಾಡಿದ ಸಾಕ್ಷಿ ಹೇಳತೊಡಗಿದರೆ, ಮುಂದಿನ ಹಾಡನ್ನು ಯಾವ ಶ್ರುತಿಯಲ್ಲಿ ಎತ್ತಬೇಕು ಅನ್ನುವ ಯೋಚನೆಯಲ್ಲಿ ನಾನಿರುತ್ತಿದ್ದೆ. ನಾನು ಹಾಡುವವಳು. ನಂಬಿಕೆ ಅಂತ ನನ್ನಲ್ಲಿ ಏನಾದರೂ ಇದ್ದಿದ್ದರೆ ಅದು ಗಂಟಲಲ್ಲಿ ಮಾತ್ರ ಇತ್ತು. ಆದ್ದರಿಂದ ಇದನ್ನು ಓದಿ ನೀವು ತಲೆ ಅಲ್ಲಾಡಿಸಿದರೆ ನನಗೆ ಬೇಸರವಿಲ್ಲ. ನಿಮ್ಮ ಜಾಗದಲ್ಲಿದ್ದರೆ ನಾನೂ ಹಾಗೇ ಮಾಡುತ್ತಿದ್ದೆ.

ಆಗ ನಾವು ಶಹಾಪುರದ ಹತ್ತಿರ ಭೀಮರಾಯನಗುಡಿ ಕ್ಯಾಂಪಿನ ಕ್ವಾರ್ಟರ್ಸಿನಲ್ಲಿದ್ದೆವು. ನನ್ನ ಗಂಡ ನೀರಾವರಿ ಕಚೇರಿಯಲ್ಲಿ ನೌಕರ. ನಾನು ಶಹಾಪುರದ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದೆ. ಕಾಲುವೆ ಕಟ್ಟುವ ಕಾಲಕ್ಕೆ ಜನರಿಂದ ತುಂಬಿದ್ದ ಕ್ಯಾಂಪು ನಾವು ಹೋಗುವ ಹೊತ್ತಿಗೆ ಅರ್ಧ ಖಾಲಿಯಾಗಿತ್ತು. ಎಷ್ಟೋ ಮನೆಗಳ ಅಂಗಳದಲ್ಲಿ ಜಾಲಿ ಬೆಳೆದು ಕಿಟಕಿ ಮುಚ್ಚಿತ್ತು. ಹಿಂದೆ ಬೇರೆ ಬೇರೆ ಊರುಗಳಿಂದ ಬಂದ ಕ್ರೈಸ್ತ ಕೆಲಸಗಾರರು ಸೇರಿ ಕಟ್ಟಿಕೊಂಡ ಒಂದು ಚಿಕ್ಕ ಪ್ರಾರ್ಥನಾ ಮಂದಿರ ನಮ್ಮ ಸಾಲಿನ ಕೊನೆಗಿತ್ತು. ಭಾನುವಾರ ಬಿಟ್ಟರೆ ಅದಕ್ಕೆ ಬೀಗ. ಕೀಲಿಕೈ ಪಕ್ಕದ ಓಣಿಯ ಸಾರಮ್ಮ ಎಂಬ ಮುದುಕಿಯ ಬಳಿ ಇರುತ್ತಿತ್ತು.

ಮಗಳು ರೂತಳಿಗೆ ನಾಲ್ಕು ವರ್ಷವಿದ್ದಾಗ ನನ್ನ ಕುತ್ತಿಗೆಯಲ್ಲಿ ಗಡ್ಡೆಯೊಂದು ಬೆಳೆಯಿತು. ಕಲಬುರಗಿಯಲ್ಲಿ ಆಪರೇಷನ್ ಆಯಿತು. ಗಡ್ಡೆ ಧ್ವನಿಯ ನರವನ್ನು ಸುತ್ತಿಕೊಂಡಿದೆ, ಜೀವಕ್ಕೆ ಭಯವಿಲ್ಲ, ಧ್ವನಿಯ ಬಗ್ಗೆ ಮಾತು ಕೊಡಲಾರೆವು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಹಾಗೇ ಆಯಿತು. ಗಾಯ ಮಾಯಿತು, ಕೂದಲೆಳೆಯಂಥ ಗೆರೆ ಉಳಿಯಿತು. ಬಾಯಿ ತೆರೆದರೆ ಮಾತ್ರ ಸೈಕಲ್ ಟ್ಯೂಬಿನಿಂದ ಗಾಳಿ ಹೋದಂಥ ಸಪ್ಪಳ. ಶಾಲೆಯವರು ಒಳ್ಳೆಯ ಜನ. "ಆರಾಮ ಆದ ಮ್ಯಾಲೆ ಬರ್ರಿ ಟೀಚರ್" ಅಂದರು. ಅದು ಯಾವಾಗ ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅದನ್ನೆಲ್ಲ ತಡೆದುಕೊಳ್ಳಬಹುದಿತ್ತು. ತಡೆಯಲಾಗದೇ ಹೋದದ್ದು ರೂತ ನನಗೆ ಹೆದರತೊಡಗಿದ್ದು. ನಾನು ಅವಳ ಹೆಸರು ಹೇಳಲು ಬಾಯಿ ತೆರೆದರೆ ಸಾಕು, ಹಾವು ಬುಸುಗುಟ್ಟಿತೋ ಎಂಬಂತೆ ಬೆಚ್ಚಿ ಅಪ್ಪನ ಕಾಲು ಹಿಡಿಯುತ್ತಿದ್ದಳು. ಒಂದು ದಿನ ಊಟಕ್ಕೆ ಕೂತಾಗ ನನ್ನೆದುರಿಗೇ ಅಪ್ಪನನ್ನು ಕೇಳಿದಳು: "ನಮ್ಮವ್ವ ಎಲ್ಲಿ ಹೋಗ್ಯಾಳ? ನನಗ ಈಕಿ ಬ್ಯಾಡ."

ಮೊದಲು ಅವಳು ಮಲಗಬೇಕಾದರೆ ನಾನೊಂದು ಹಾಡು ಹೇಳಬೇಕಿತ್ತು. ಅವಳಿಗಾಗಿ ನಾನೇ ಕಟ್ಟಿದ್ದು. ದಾರಿ ತಪ್ಪಿದ ಕುರಿಮರಿಯನ್ನು ಕುರುಬ ಹೆಗಲ ಮೇಲೆ ಹೊತ್ತು ತರುತ್ತಾನೆ, ನಿನ್ನ ಹೆಸರೇನು ಮರಿಯೇ ಎಂದು ಕೇಳುತ್ತಾನೆ, ಮರಿ 'ರೂತು' ಅನ್ನುತ್ತದೆ. ಅಷ್ಟೇ. ಹಾಸಿಗೆಯ ಮೇಲೆ, ಅವಳ ಬೆನ್ನು ತಟ್ಟುತ್ತ ಹೇಳುತ್ತಿದ್ದ ಹಾಡು. ಹೊರಗೆ ಎಲ್ಲೂ ಹಾಡಿದ್ದಿಲ್ಲ, ಹಾಡುವಂಥದ್ದೂ ಅಲ್ಲ.

ಸಾರಮ್ಮ ಸಂಜೆ ಹೊತ್ತು ಬಂದು ನನ್ನ ಪಕ್ಕ ಕೂರುತ್ತಿದ್ದಳು. ಬೇರೆಯವರು ಬಂದರೆ ತಲೆಯ ಮೇಲೆ ಕೈಯಿಟ್ಟು ದೊಡ್ಡ ಧ್ವನಿಯಲ್ಲಿ ಪ್ರಾರ್ಥನೆ ಮಾಡುತ್ತಿದ್ದರು. ಆ ದೊಡ್ಡ ಧ್ವನಿಗಳೇ ನನಗೆ ಹಿಂಸೆಯಾಗಿದ್ದವು. ಸಾರಮ್ಮ ಹಾಗೆ ಮಾಡುತ್ತಿರಲಿಲ್ಲ. ಒಮ್ಮೆ ನಾನೇ ಸಿಟ್ಟಿನಿಂದ, ಹಾಡುತ್ತಿದ್ದ ಬಾಯಿಯನ್ನೇ ಮುಚ್ಚಿಸಿದವನ ಹತ್ತಿರ ಇನ್ನೇನು ಕೇಳುವುದು ಎಂದು ಆ ಗಾಳಿಯ ಸಪ್ಪಳದಲ್ಲೇ ಅವಳ ಕಿವಿಗೆ ಹೇಳಿದೆ. "ಕೇಳಾಕ ಬಂದಿಲ್ಲವ್ವ. ಕೂಡಾಕ ಬಂದೀನಿ" ಅಂದಳು.

ಯಾದಗಿರಿಯಲ್ಲಿರುವ ನನ್ನ ಅಕ್ಕ ಮಗುವನ್ನು ನೋಡಿ, "ಕೂಸು ಸೊರಗೇದ. ಜರಾ ದಿನ ನನ್ನ ಹತ್ರ ಇರಲಿ ಬಿಡು" ಎಂದಳು. ನಾನು ಒಪ್ಪಿದೆ. ಒಪ್ಪಿದ್ದು ಮಗುವಿನ ಒಳ್ಳೆಯದಕ್ಕೆ ಎಂದು ಎಲ್ಲರಿಗೂ ಹೇಳಿದೆ. ನನ್ನ ಒಳಗೆ ಮಾತ್ರ ಎಲ್ಲ ಮುಗಿದುಹೋದಂತೆ ಇತ್ತು. ಅವಳ ಫ್ರಾಕುಗಳನ್ನು ಮಡಿಚಿ ಚೀಲಕ್ಕೆ ತುಂಬುವಾಗ ಅಳುವೂ ಬರಲಿಲ್ಲ.

ಅಕ್ಕ ಬರುವ ಹಿಂದಿನ ದಿನ ಮಧ್ಯಾಹ್ನ ಇದು ನಡೆಯಿತು. ಮಾರ್ಚ್ ಮುಗಿಯುತ್ತ ಬಂದಿತ್ತು, ಈಸ್ಟರ್ ಹತ್ತಿರದಲ್ಲಿತ್ತು. ಗಂಡ ಹುಣಸಗಿ ಕಡೆ ಕೆಲಸದ ಮೇಲೆ ಹೋಗಿದ್ದರು. ರೂತ ಚಾಪೆಯ ಒಂದು ತುದಿಗೆ, ನಾನು ಇನ್ನೊಂದು ತುದಿಗೆ ಮಲಗಿದ್ದೆವು. ಕೂಲರಿನ ಸದ್ದಿಗೆ ನನಗೆ ಜೊಂಪು ಹತ್ತಿತು. ಎಚ್ಚರಾದಾಗ ಬಾಗಿಲು ತೆರೆದಿತ್ತು. ಮಗು ಇರಲಿಲ್ಲ.

ಮಗು ಕಾಣದಿದ್ದರೆ ತಾಯಿ ಏನು ಮಾಡುತ್ತಾಳೆ? ಕೂಗುತ್ತಾಳೆ. ನಾನೂ ಬಾಯಿ ತೆರೆದೆ. ಏನೂ ಬರಲಿಲ್ಲ. ಅಂಗಳದಲ್ಲಿ ನಿಂತು, ಹೊಟ್ಟೆ ಒಳಸೇರುವಷ್ಟು ಬಲ ಹಾಕಿ ಅವಳ ಹೆಸರು ಕೂಗಿದೆ. ನನ್ನ ಕಿವಿಗೇ ಅದು ಕೇಳಲಿಲ್ಲ. ಪಕ್ಕದ ಮನೆಯ ಬಾಗಿಲು ಬಡಿದೆ, ಅವರು ಊರಲ್ಲಿರಲಿಲ್ಲ. ಆಚೆ ಮನೆಯ ಬಾಗಿಲು ಬಡಿದೆ, ಒಳಗೆ ಕೂಲರ್ ಮೊರೆಯುತ್ತಿತ್ತು, ಯಾರೂ ಏಳಲಿಲ್ಲ. ಖಾಲಿ ಮನೆಗಳ ಜಾಲಿಯಲ್ಲಿ ಹುಡುಕುತ್ತ ಓಡಿದೆ. ಮುಳ್ಳಿಗೆ ಸಿಕ್ಕು ಸೀರೆ ಹರಿಯಿತು. ಆ ಬಿಸಿಲಲ್ಲಿ ರಸ್ತೆಯ ಮೇಲೆ ಒಂದು ನಾಯಿಯೂ ಇರಲಿಲ್ಲ.

ಕ್ವಾರ್ಟರ್ಸಿನ ಹಿಂದೆ ಕಾಲುವೆ. ಆಗ ನೀರು ಬಿಟ್ಟಿದ್ದರು. ಏರಿ ಹತ್ತಿ ನೋಡಿದೆ. ಬಟ್ಟೆ ಒಗೆಯಲು ಮಾಡಿದ ಮೆಟ್ಟಿಲುಗಳ ಮೇಲೆ, ನೀರಿಗೆ ತಾಗುವಂತೆ, ರೂತಳ ಒಂದು ಚಪ್ಪಲಿ ಇತ್ತು.

ಯಾರನ್ನು ಕರೆಯಲಿ, ಹೇಗೆ ಕರೆಯಲಿ? ನೀರು ಯಾವ ಅವಸರವೂ ಇಲ್ಲದೆ ಹೋಗುತ್ತಿತ್ತು. ಇಳಿಯಬೇಕೆಂದು ಒಂದು ಮೆಟ್ಟಿಲ ಮೇಲೆ ಕಾಲಿಟ್ಟೆ. ಅಷ್ಟರಲ್ಲಿ ಬೆನ್ನ ಹಿಂದಿನಿಂದ ಹಾಡು ಕೇಳಿಸಿತು.

ದೂರದಲ್ಲಿ ಯಾವುದೋ ಹೆಂಗಸು ಹಾಡುತ್ತಿದ್ದಳು. ಮೊದಲು ಹಾಡು ಗುರುತು ಸಿಕ್ಕಿತು. ಕುರುಬ, ಹೆಗಲು, ಮರಿ. ಆಮೇಲೆ ಧ್ವನಿ. ಹೆಸರಿನ 'ರೂ' ಎಳೆದು, ನಡುವೆ ಒಂದು ಚಿಕ್ಕ ಉಸಿರು ತೆಗೆದುಕೊಂಡು 'ತು' ಅನ್ನುವ ಅಭ್ಯಾಸ ನನ್ನದು. ಆ ಉಸಿರೂ ಕೇಳಿಸಿತು. ನನ್ನ ಧ್ವನಿಯೇ. ನನ್ನ ಗಂಟಲ ಮೇಲೆ ಕೈಯಿಟ್ಟು ನೋಡಿಕೊಂಡೆ. ಅದು ಅಲುಗದೆ ಸುಮ್ಮನಿತ್ತು.

ಹೇಗೆ ಓಡಿದೆನೋ ಗೊತ್ತಿಲ್ಲ. ಹಾಡು ಬರುತ್ತಿದ್ದುದು ಪ್ರಾರ್ಥನಾ ಮಂದಿರದಿಂದ. ಬಾಗಿಲಿಗೆ ಎಂದಿನಂತೆ ಬೀಗವಿತ್ತು. ಬಾಗಿಲ ಮುಂದಿನ ಕಟ್ಟೆಯ ಮೇಲೆ ರೂತ ಕೂತಿದ್ದಳು. ಫ್ರಾಕು ಸೊಂಟದವರೆಗೆ ಒದ್ದೆ, ಒಂದು ಕಾಲು ಬರಿಗಾಲು. ಕೆನ್ನೆಯನ್ನು ಬಾಗಿಲ ಹಲಗೆಗೆ ಒತ್ತಿ ಕೇಳುತ್ತಿದ್ದಳು. ನನ್ನ ಕಾಲು ಕಟ್ಟೆಗೆ ತಾಗಿದ್ದೇ ತಡ, ಒಳಗಿನ ಹಾಡು ನಿಂತಿತು. ಮುಗಿಯಲಿಲ್ಲ, ನಿಂತಿತು. ಸಾಲು ಅರ್ಧಕ್ಕೇ ಇತ್ತು.

ಮಗು ತಿರುಗಿ ನನ್ನನ್ನು ನೋಡಿತು. ಮುಖದಲ್ಲಿ ಹೆದರಿಕೆ ಇರಲಿಲ್ಲ, ಗೊಂದಲವಿತ್ತು. "ನೀ ಒಳಗ ಹಾಡಾಕತ್ತಿದ್ದಿ. ಹೊರಗ ಹೆಂಗ ಬಂದಿ?" ಎಂದಳು.

ಎತ್ತಿಕೊಂಡೆ. ಎಷ್ಟೋ ದಿನಗಳ ನಂತರ ಅವಳು ನನ್ನ ತೋಳಲ್ಲಿ ಸೆಟೆಯಲಿಲ್ಲ. ಅವಳ ಹೆಸರನ್ನು ಆ ಗಾಳಿಯ ಸಪ್ಪಳದಲ್ಲೇ ಮತ್ತೆ ಮತ್ತೆ ಹೇಳಿದೆ. ಅವಳು ನನ್ನ ಬಾಯಿಯ ಹತ್ತಿರ ಕಿವಿ ತಂದು, ಗಮನವಿಟ್ಟು ಕೇಳಿದಳು.

ಆಗ ಸಾರಮ್ಮ ಓಣಿಯಿಂದ ಬಂದಳು. ತಲೆಯ ಮೇಲೆ ಸೆರಗಿಲ್ಲ, ಕಾಲಲ್ಲಿ ಚಪ್ಪಲಿಯಿಲ್ಲ, ಮುಖದ ತುಂಬ ನಗು. "ಧ್ವನಿ ಬಂತೇನವ್ವ? ಮನ್ಯಾಗ ಕೇಳಿದ್ನಿ, ಓಡಿ ಬಂದ್ನಿ."

ನಾನು ಇಲ್ಲವೆಂದು ತಲೆಯಾಡಿಸಿದೆ. ಬೀಗದ ಕಡೆ ಕೈ ತೋರಿಸಿದೆ. ಅವಳ ನಗು ನಿಧಾನವಾಗಿ ಇಳಿಯಿತು. ಸೊಂಟಕ್ಕೆ ಸಿಕ್ಕಿಸಿದ್ದ ಕೀಲಿಕೈ ತೆಗೆದು ಬೀಗ ತೆರೆದಳು.

ಒಳಗೆ ಬಂದ್ ಮಾಡಿದ ಮನೆಯ ಕಾವು. ಕಿಟಕಿಗಳಿಗೆ ಒಳಗಿನಿಂದ ಅಗಳಿ. ಬೆಂಚುಗಳು, ಬಿಳಿ ಬಟ್ಟೆ ಹೊದಿಸಿದ ಮೇಜು, ಗೋಡೆಗೆ ಮರದ ಶಿಲುಬೆ. ಯಾರೂ ಇರಲಿಲ್ಲ. ರೂತ ನನ್ನ ತೋಳಿಂದ ಜಾರಿ ಇಳಿದು, ಹೆಂಗಸರ ಕಡೆಯ ಬೆಂಚುಗಳ ನಡುವೆ ನಡೆದು, ನಾನು ಯಾವಾಗಲೂ ಕೂರುತ್ತಿದ್ದ ಜಾಗದ ಮುಂದೆ ನಿಂತಳು. "ಎದ್ದು ಹೋಗ್ಯಾಳ" ಅಂದಳು, ಬಸ್ಸು ಹೋಯಿತು ಅನ್ನುವಂತೆ. ಸಾರಮ್ಮ ಅಲ್ಲೇ ಮೊಣಕಾಲೂರಿದಳು. ನನಗೆ ಪ್ರಾರ್ಥನೆ ಬರಲಿಲ್ಲ. ಹಲ್ಲು ಕಟಕಟ ಅನ್ನುತ್ತಿದ್ದವು, ಆ ಸೆಕೆಯಲ್ಲಿ.

ಸಂಜೆ ಗಂಡ ಬಂದು ಎಲ್ಲ ಕೇಳಿದರು. ಯಾರದೋ ಮೊಬೈಲಿನಲ್ಲಿ ನನ್ನ ಹಳೆಯ ಹಾಡು ಇದ್ದಿರಬೇಕು ಎಂದರು. ಮಂದಿರದ ಸಭೆಯ ಹುಡುಗರನ್ನೆಲ್ಲ ವಿಚಾರಿಸಿದರು. ನಾನು ಹಾಡಿದ ಕ್ರಿಸ್ಮಸ್ಸಿನ ಹಾಡುಗಳು ಒಬ್ಬಿಬ್ಬರ ಹತ್ತಿರ ಇದ್ದವು. ಈ ಹಾಡು ಯಾರ ಹತ್ತಿರವೂ ಇರಲಿಲ್ಲ, ಅದು ಇದೆಯೆಂಬುದೇ ಯಾರಿಗೂ ಗೊತ್ತಿರಲಿಲ್ಲ. ಮಗುವಿಗೂ ತಾಯಿಗೂ ಭ್ರಮೆ ಅನ್ನೋಣವೆಂದರೆ ಸಾರಮ್ಮನೂ ಕೇಳಿದ್ದಳು. ಕೊನೆಗೆ ಅವರು ಮಗಳನ್ನು ಮಡಿಲಲ್ಲಿ ಕೂರಿಸಿಕೊಂಡು, ನೀರಿನ ಹತ್ತಿರ ಯಾಕೆ ಹೋಗಿದ್ದೆ ಎಂದು ಕೇಳಿದರು. "ಅವ್ವನ್ನ ಹುಡುಕಾಕ. ನೀರಾಗ ಇಳದಿದ್ನಿ. ಆಮ್ಯಾಲೆ ಅವ್ವ ಆಕಡೆ ಹಾಡಿದ್ಲು" ಅಂದಳು. ಅವರು ಮತ್ತೆ ಯಾವತ್ತೂ ಮೊಬೈಲಿನ ಮಾತು ಎತ್ತಲಿಲ್ಲ.

ಮರುದಿನ ಅಕ್ಕ ಬಂದಳು. ಊಟ ಮಾಡಿದಳು, ರೂತ ನನ್ನ ಸೆರಗು ಹಿಡಿದು ಅಡುಗೆಮನೆಯಲ್ಲಿ ಓಡಾಡುವುದನ್ನು ನೋಡಿದಳು. "ಇದೇನು ನನ್ನ ಕೂಡ ಬರೂ ಹಂಗ ಕಾಣಂಗಿಲ್ಲ" ಎಂದು ಹೇಳಿ, ಒಬ್ಬಳೇ ಬಸ್ಸು ಹತ್ತಿದಳು.

ಈಸ್ಟರ್ ದಿನ ಪಾಸ್ಟರು ನನ್ನ ಪರವಾಗಿ ತಾವೇ ಸಾಕ್ಷಿ ಹೇಳಲೇ ಎಂದು ಕೇಳಿದರು. ನಾನು ಬೇಡವೆಂದೆ. ಅದನ್ನು ಅದ್ಭುತ ಅನ್ನಲು ನನಗೆ ಬಾಯಿ ಬರಲಿಲ್ಲ, ಯಾಕೆಂದರೆ ನನಗೆ ಹೆದರಿಕೆಯಿತ್ತು. ಕೃತಜ್ಞತೆಗಿಂತ ಹೆದರಿಕೆಯೇ ಹೆಚ್ಚಿತ್ತು. ನನ್ನಿಂದ ಹೊರಟುಹೋದದ್ದು ನಾನಿಲ್ಲದೆ ಎಲ್ಲೋ ಬದುಕಿದೆ, ನನ್ನ ಮಗಳ ಹೆಸರು ಅದಕ್ಕೆ ಗೊತ್ತಿದೆ ಎಂಬುದು ಸುಲಭಕ್ಕೆ ನುಂಗುವ ಮಾತಲ್ಲ. ಸಾರಮ್ಮನಿಗೆ ಅದನ್ನು ಹೇಳಿದಾಗ ಅವಳು ನನ್ನ ಬೆರಳುಗಳನ್ನು ಒಂದೊಂದಾಗಿ ನೇವರಿಸುತ್ತ ಹೇಳಿದಳು: "ಇಸ್ಕೊಂಡಿದ್ದು ಹೊರಗ ಒಗದಿಲ್ಲವ್ವ ದೇವರು. ಇಟ್ಕೊಂಡಾನ."

ಆ ಮಾತನ್ನು ಹಿಡಿದುಕೊಂಡೇ ನಾನು ಆ ವರ್ಷ ದಾಟಿದೆ. ಕಳೆದುಕೊಂಡದ್ದೆಲ್ಲ ಕೈಗೆ ಬರುತ್ತದೆ ಅನ್ನುವುದೇ ವಿಶ್ವಾಸ ಎಂದು ತಿಳಿದಿದ್ದೆ. ಅದು ಹಾಗಲ್ಲ, ಕಳೆದದ್ದು ಇಲ್ಲವಾಗಿಲ್ಲ ಅನ್ನುವುದಷ್ಟೇ ಸಾಕು, ಬೆಳಿಗ್ಗೆ ಎದ್ದು ಒಲೆ ಹಚ್ಚಬಹುದು. ಗಾಳಿಯಲ್ಲೇ ಮಾತಾಡುವುದನ್ನು ಕಲಿತೆ. ರೂತ ಆ ಮಾತನ್ನು ನನ್ನ ಗಂಡನಿಗಿಂತ ಬೇಗ ಕಲಿತಳು. ಶಾಲೆಗೆ ಮತ್ತೆ ಹೋದೆ, ಪಾಠ ಹೇಳಲು ಅಲ್ಲ, ಗ್ರಂಥಾಲಯ ನೋಡಿಕೊಳ್ಳಲು. ಭಾನುವಾರ ಎಲ್ಲರ ಜೊತೆ ಎದ್ದು ನಿಂತು ತುಟಿ ಆಡಿಸುತ್ತೇನೆ.

ಸಾರಮ್ಮ ಈಗಿಲ್ಲ. ನಾವು ಸುರಪುರಕ್ಕೆ ಬಂದು ವರ್ಷಗಳಾದವು. ರೂತ ಕಾಲೇಜಿಗೆ ಹೋಗುತ್ತಾಳೆ. ಆ ದಿನದ ನೆನಪಿದೆಯೇ ಎಂದು ಒಮ್ಮೆ ಕೇಳಿದೆ. "ಇಲ್ಲವ್ವ, ಸಣ್ಣಾಕಿ ಇದ್ದೆ" ಅಂದಳು. ಆದರೆ ಹಾಗೆ ಅನ್ನುವ ಮುಂಚೆ ನನ್ನ ಮುಖವನ್ನಲ್ಲ, ನನ್ನ ಪಕ್ಕದ ಖಾಲಿ ಜಾಗವನ್ನು ನೋಡಿದಳು.

ಹೊಸ ಚಿಕಿತ್ಸೆಗಳು ಬಂದಿವೆಯಂತೆ, ಹೈದರಾಬಾದಿಗೆ ಹೋಗಿ ತೋರಿಸು ಎಂದು ಅಕ್ಕ ಹೇಳುತ್ತಲೇ ಇದ್ದಾಳೆ. ಹೋಗಿಲ್ಲ. ಪ್ರಾರ್ಥನೆಯಲ್ಲಿ ನಾನೀಗ ಏನೇನೋ ಕೇಳುತ್ತೇನೆ. ಮಗಳ ಓದು, ಗಂಡನ ಆರೋಗ್ಯ, ಮಳೆ. ಧ್ವನಿಯನ್ನು ಮಾತ್ರ ಕೇಳುವುದಿಲ್ಲ. ಅದು ಎಲ್ಲಿದೆಯೋ, ಅಲ್ಲಿ ಯಾರಿಗಾಗಿ ಹಾಡುತ್ತಿದೆಯೋ ನನಗೆ ಗೊತ್ತಿಲ್ಲ. ಅದನ್ನು ಅಲ್ಲಿಂದ ಎಬ್ಬಿಸಿ ಕರೆತರುವ ಧೈರ್ಯ ನನಗಿಲ್ಲ.